ಕೆಂಪು ಮಣ್ಣಿನ ದಾರಿಯಲ್ಲಿ ಒಂದು ಕುಟುಂಬ

ಮಗ ಕೆಲಸದ ಮೇಲೆ ಕೋಲ್ಕತ್ತದಲ್ಲಿದ್ದಾನೆ. ಕಳೆದ ಡಿಸೆಂಬರಿನಲ್ಲಿ ಅವನ ಮನೆಗೆ ಹೋದಾಗ, ಆರನೇ ತರಗತಿ ಓದುವ ಮೊಮ್ಮಗಳನ್ನು ಕರೆದುಕೊಂಡು ಶಾಂತಿನಿಕೇತನ ನೋಡಲು ಹೊರಟೆ. ಹೌರಾದಲ್ಲಿ ರೈಲು ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಬೋಲ್ಪುರ ಬರುತ್ತದೆ. ಅಲ್ಲಿಂದ ಮುಂದಕ್ಕೆ ಬ್ಯಾಟರಿ ರಿಕ್ಷಾ. ಅದಕ್ಕೆ ಅಲ್ಲಿಯವರು 'ಟೋಟೊ' ಅನ್ನುತ್ತಾರೆ. ಆ ಹೆಸರು ಕೇಳಿಯೇ ಮೊಮ್ಮಗಳಿಗೆ ನಗು.

ದಾರಿಯುದ್ದಕ್ಕೂ ಕೆಂಪು ಮಣ್ಣು, ಸಾಲು ಮರಗಳು. 1901ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿ ಬೆರಳೆಣಿಕೆಯ ಮಕ್ಕಳನ್ನಿಟ್ಟುಕೊಂಡು ಶಾಲೆ ಶುರು ಮಾಡಿದರು. ಪಾಠ ನಡೆಯುತ್ತಿದ್ದದ್ದು ಮರದ ನೆರಳಿನಲ್ಲಿ. "ಹಾಗಾದ್ರೆ ಮಳೆ ಬಂದ್ರೆ ರಜಾನಾ ತಾತ?" ಎಂದು ಮೊಮ್ಮಗಳು ಆಸೆಯಿಂದ ಕೇಳಿದಳು.

ನಮಗೆ ನೋಡಬೇಕಿದ್ದದ್ದು ಕಲಾಭವನ. 1919ರಲ್ಲಿ ಶುರುವಾದ ಈ ಚಿತ್ರಕಲಾ ಶಾಲೆಯನ್ನು ಬಹುಕಾಲ ನಡೆಸಿದವರು ನಂದಲಾಲ್ ಬೋಸ್. ನಮ್ಮ ಮೈಸೂರಿನ ಕಲಾವಿದ ಕೆ. ವೆಂಕಟಪ್ಪ ಮತ್ತು ನಂದಲಾಲರು ಕೋಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಒಟ್ಟಿಗೆ ಕಲಿತವರು. ಸ್ವದೇಶಿ ಚಳವಳಿಯ ಕಾಲವದು. ನಮ್ಮ ನೂಲು ನಮ್ಮ ಬಟ್ಟೆ ಎಂದು ಜನ ಹೇಳುತ್ತಿದ್ದಾಗ, ನಮ್ಮ ಚಿತ್ರವೂ ನಮ್ಮದೇ ರೀತಿಯಲ್ಲಿರಲಿ ಎಂದು ಈ ಕಲಾವಿದರು ಹೊರಟಿದ್ದರು.

ಕೋಲು ಹಿಡಿದು ಬಿರಬಿರನೆ ನಡೆಯುವ ಗಾಂಧೀಜಿಯ ಕಪ್ಪು ಬಿಳುಪು ಚಿತ್ರವನ್ನು ನೀವೂ ನೋಡಿರಬಹುದು. 1930ರ ದಂಡಿ ಯಾತ್ರೆಯ ನೆನಪಿಗೆ ನಂದಲಾಲರು ಮಾಡಿದ್ದು ಅದು. ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೊರೆದು, ಅದಕ್ಕೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿದರೆ ಚಿತ್ರ ಮೂಡುತ್ತದೆ. ಒಂದು ಸಲ ಕೊರೆದಿಟ್ಟರೆ ಎಷ್ಟೋ ಪ್ರತಿ ತೆಗೆಯಬಹುದು. ಹಾಗಾಗಿ ಚಿತ್ರ ಒಂದೇ ಗೋಡೆಯಲ್ಲಿ ಕೂರದೆ ಬಹಳ ಜನರ ಕೈಗೆ ಸೇರುತ್ತದೆ.

1938ರಲ್ಲಿ ಗುಜರಾತಿನ ಹರಿಪುರ ಎಂಬ ಹಳ್ಳಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಸುಭಾಷ್ ಚಂದ್ರ ಬೋಸ್ ಅದರ ಅಧ್ಯಕ್ಷರು. ಅಧಿವೇಶನದ ಜಾಗವನ್ನು ಅಲಂಕರಿಸಲು ಗಾಂಧೀಜಿ ನಂದಲಾಲರನ್ನು ಕರೆಸಿದರು. ನಂದಲಾಲರೂ ಅವರ ಶಿಷ್ಯರೂ ಸೇರಿ ಸುಮಾರು 400 ಚಿತ್ರ ಬರೆದರು. ಅವುಗಳಲ್ಲಿದ್ದವರು ಯಾರು ಗೊತ್ತೇ? ಹತ್ತಿ ಹಿಂಜುವವನು, ಡೋಲು ಬಾರಿಸುವವನು, ಬಡಗಿ, ಚಪ್ಪಲಿ ಹೊಲಿಯುವವನು, ಭತ್ತ ಕುಟ್ಟುವ ಹೆಂಗಸರು. ಅಧಿವೇಶನಕ್ಕೆ ಬಂದ ಹಳ್ಳಿಯ ಜನ ತಲೆ ಎತ್ತಿದರೆ ಅಲ್ಲಿ ಅವರೇ ಕಾಣುತ್ತಿದ್ದರು. ದೇಶ ಅಂದರೆ ನೀವೇ ಎಂದು ಭಾಷಣವಿಲ್ಲದೆ ಹೇಳಿದ ಹಾಗಾಯಿತು.

ಅದೇ 1938ರ ಇನ್ನೊಂದು ಕೃತಿಯ ಮುಂದೆ ನಾವು ನಿಂತೆವು. ಕಲಾಭವನದ ಅಂಗಳದಲ್ಲಿ, ಚಾವಣಿಯ ಕೆಳಗೆ, ಆಳಿಗಿಂತ ಎತ್ತರದ ಒಂದು ಕುಟುಂಬ ನಡೆಯುತ್ತಿದೆ. ಗಂಡಸಿನ ಹೆಗಲ ಮೇಲೆ ಕಾವಡಿ, ಅದರ ಬುಟ್ಟಿಯಲ್ಲಿ ಕೂಸು. ಪಕ್ಕದಲ್ಲಿ ತಲೆ ಮೇಲೆ ಹೊರೆ ಹೊತ್ತ ಹೆಂಗಸು. ಜೊತೆಗೊಂದು ನಾಯಿ. 'ಸಂತಾಲ ಕುಟುಂಬ' ಎಂಬ ಈ ಶಿಲ್ಪವನ್ನು ಮಾಡಿದವರು ರಾಮ್‌ಕಿಂಕರ್ ಬೈಜ್. ಅವರು ಬಂಗಾಳದ ಬಾಂಕುರಾದ ಬಡ ಮನೆಯ ಹುಡುಗ. ಅಸಹಕಾರ ಚಳವಳಿಯ ದಿನಗಳಲ್ಲಿ ನಾಯಕರ ಚಿತ್ರ ಬರೆಯುತ್ತಿದ್ದ ಆ ಹುಡುಗನ ಕೈಚಳಕ ಕಂಡು, ಪತ್ರಿಕಾ ಸಂಪಾದಕ ರಾಮಾನಂದ ಚಟರ್ಜಿಯವರು 1925ರಲ್ಲಿ ಶಾಂತಿನಿಕೇತನಕ್ಕೆ ಕರೆತಂದರು.

ಶಿಲ್ಪಕ್ಕೆ ಬಳಸಿದ್ದು ಅಮೃತಶಿಲೆಯೂ ಅಲ್ಲ, ಕಂಚೂ ಅಲ್ಲ. ಅಲ್ಲಿನ ಕೆಂಪು ನೆಲದ ಜಲ್ಲಿಕಲ್ಲು ಮತ್ತು ಸಿಮೆಂಟು. ಮುಟ್ಟಿದರೆ ತರಚೀತು ಎನ್ನುವಷ್ಟು ಒರಟು.

ಮೊಮ್ಮಗಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದಳು. "ತಾತ, ಇವರು ರಾಜ ರಾಣಿನಾ?"

"ಅಲ್ಲ ಪುಟ್ಟಿ, ಕೂಲಿಯವರು."

"ಮತ್ತೆ ಇವರ ಪ್ರತಿಮೆ ಯಾಕೆ ಮಾಡಿದ್ರು?"

ನನಗೆ ತಕ್ಷಣ ಮಾತು ಬರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಅರವತ್ತರ ಹತ್ತಿರ ಬಂದರೂ ಮಕ್ಕಳಿಗೂ ಹೇಳದ ಒಂದು ಸಂಗತಿ ನನ್ನಲ್ಲಿತ್ತು.

1972ರ ಬರಗಾಲದಲ್ಲಿ ರಾಯಚೂರು ಜಿಲ್ಲೆಯ ನಮ್ಮೂರಿನಿಂದ ನಾವು ಗುಳೆ ಹೋಗಿದ್ದೆವು. ಕಾಲುವೆ ನೀರಿರುವ ಕಡೆ ಕೂಲಿ ಸಿಗುತ್ತದೆಂದು ಎರಡು ದಿನ ನಡೆದೆವು. ಅಪ್ಪನ ಹೆಗಲಿಗೆ ಕಾವಡಿ. ಒಂದು ಬುಟ್ಟಿಯಲ್ಲಿ ತಮ್ಮ, ಇನ್ನೊಂದರಲ್ಲಿ ಪಾತ್ರೆ, ಜೋಳದ ಹಿಟ್ಟು. ಅವ್ವನ ತಲೆ ಮೇಲೆ ಕೌದಿಯ ಗಂಟು. ಆರು ವರ್ಷದ ನಾನು ಅವಳ ಸೀರೆಯ ಚುಂಗು ಹಿಡಿದು ನಡೆದೆ. ಊರಗಡಿಯಲ್ಲಿ ಎಷ್ಟು ಗದರಿಸಿದರೂ ತಿರುಗಿ ಹೋಗದ ನಾಯಿ ನಮ್ಮ ಹಿಂದೆಯೇ ಬಂತು. ಆರು ತಿಂಗಳಾದ ಮೇಲೆ ಶಾಲೆಗೆ ಹೋದಾಗ ಗುರುಗಳು, "ಎಲ್ಲಿ ಹೋಗಿದ್ಯೋ?" ಎಂದು ಕೇಳಿದರು. "ಅಜ್ಜಿ ಊರಿಗ್ರಿ" ಎಂದೆ. ಆ ಸುಳ್ಳನ್ನು ಆಮೇಲೆ ಎಲ್ಲರಿಗೂ ಹೇಳುತ್ತಲೇ ಬಂದೆ. ಕೂಲಿಗೆ ಹೋಗಿದ್ದೆವು ಎಂದು ಹೇಳಿಕೊಳ್ಳಲು ನಾಚಿಕೆ.

ಇಲ್ಲಿ ನೋಡಿದರೆ, ನಾನು ಮುಚ್ಚಿಟ್ಟ ಅದೇ ಕಾವಡಿ, ಅದೇ ಬುಟ್ಟಿ, ಅದೇ ನಾಯಿ ನಾನು ಹುಟ್ಟುವ ಮೊದಲಿನಿಂದಲೂ ತಲೆ ಎತ್ತಿ ನಿಂತಿವೆ. ದೂರದಿಂದ ಬಂದ ಜನ ಕತ್ತೆತ್ತಿ ನೋಡುತ್ತಿದ್ದಾರೆ.

ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಮಧ್ಯೆ ಮಾತಾಡಲಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು: "ನಾಯಿ ಹೆಸರೇನು?"

"ಕರಿಯ."

ಸಮೀಪದಲ್ಲೇ ರಾಮ್‌ಕಿಂಕರರ ಇನ್ನೊಂದು ಶಿಲ್ಪವಿದೆ. 1956ರ ಅದಕ್ಕೆ 'ಗಿರಣಿಯ ಕರೆ' ಎಂದು ಹೆಸರು. ಸೈರನ್ ಕೇಳಿ ಇಬ್ಬರು ಹೆಂಗಸರು ಅಕ್ಕಿ ಗಿರಣಿಯ ಕೆಲಸಕ್ಕೆ ಓಡುತ್ತಿದ್ದಾರೆ. ಒದ್ದೆ ಸೀರೆ ಒಣಗಿಸಲೂ ಪುರುಸೊತ್ತಿಲ್ಲ. ಓಡುತ್ತಲೇ ಅದನ್ನು ಗಾಳಿಗೆ ಹಿಡಿದಿದ್ದಾರೆ, ಹಿಂದೆ ಒಂದು ಮಗು ಓಡುತ್ತಿದೆ. "ಬೆಳಿಗ್ಗೆ ಅಮ್ಮ ಆಫೀಸಿಗೆ ಹೋಗೋ ಥರಾನೇ ಇದೆ" ಎಂದಳು ಮೊಮ್ಮಗಳು.

ಸಂಜೆ ರೈಲಿನಲ್ಲಿ ಅವಳು ನೋಟ್‌ಬುಕ್ ತೆರೆದು ಚಿತ್ರ ಬರೆಯತೊಡಗಿದಳು. ಕಾವಡಿ ಹೊತ್ತ ಗಂಡಸು, ಗಂಟು ಹೊತ್ತ ಹೆಂಗಸು, ಬುಟ್ಟಿಯಲ್ಲಿ ಕೂಸು. ಪಕ್ಕದಲ್ಲಿ, ಶಿಲ್ಪದಲ್ಲಿಲ್ಲದ ಒಬ್ಬ ಹುಡುಗ ಸೀರೆಯ ಚುಂಗು ಹಿಡಿದಿದ್ದ. ನಾಯಿಗೆ ಪೂರ್ತಿ ಕಪ್ಪು ಬಳಿದು, ಕೆಳಗೆ 'ಕರಿಯ' ಎಂದು ಬರೆದಳು.

"ತಾತ, ನಿಮ್ಮವ್ವನ ಸೀರೆ ಯಾವ ಬಣ್ಣ?"

ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. "ಹಸಿರು. ಅಂಚು ಕೆಂಪು" ಎಂದೆ.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯೂ ಯಾವುದೋ ದಾರಿಯಲ್ಲಿ ನಡೆದು ಬಂದಿರುತ್ತಾರೆ. ಒಂದು ಸಂಜೆ ಕಾಗದ, ಬಣ್ಣ ಹಿಡಿದು ಅವರ ಪಕ್ಕ ಕೂತು ಕೇಳಿ.