ಯಾವ ಗಾಡಿಯಲ್ಲಿ ಟೆಸ್ಟ್, ಮಾರಾಯ್ರೆ?

ಉದ್ಯಾವರದಲ್ಲಿ ಯಾರಾದರೂ 'ನಾಡಿದ್ದು ಲೈಸನ್ಸಿನ ಟೆಸ್ಟ್ ಉಂಟು' ಎಂದು ಬಾಯಿಬಿಟ್ಟರೆ, 'ಬಿಡ್ಲಿಕ್ಕೆ ಬರ್ತದಾ?' ಎಂದು ಕೇಳುವವರು ಕಡಿಮೆ. 'ಯಾವ ಗಾಡಿಯಲ್ಲಿ ಕೊಡ್ತೀ?' ಎಂಬುದೇ ಮೊದಲ ಪ್ರಶ್ನೆ. ಸೆಲೂನಿನ ಬೆಂಚಿನಲ್ಲಿ ಪೇಪರು ಓದುತ್ತಿದ್ದವರು ಪೇಪರು ಮಡಚುತ್ತಾರೆ. ಒಬ್ಬರು 'ಬುಲೆಟ್ ತಕೊಂಡು ಹೋಗು, ಗತ್ತು ನೋಡಿಯೇ ಪಾಸ್ ಮಾಡ್ತಾರೆ' ಎನ್ನುತ್ತಾರೆ. ಇನ್ನೊಬ್ಬರು 'ಸ್ಪ್ಲೆಂಡರ್ ಬಿಟ್ಟು ಬೇರೆ ಮುಟ್ಟಬೇಡ' ಎಂದು ಆಣೆ ಹಾಕುವ ಧಾಟಿಯಲ್ಲಿ ಹೇಳುತ್ತಾರೆ. ಅರ್ಧ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡವರು ಕನ್ನಡಿಯೊಳಗಿಂದಲೇ 'ಸ್ಕೂಟಿ ಸಾಕಲ್ವಾ?' ಎಂದು ಮೂರನೆಯ ಪಕ್ಷ ಕಟ್ಟುತ್ತಾರೆ. ಮದುವೆಗೆ ಸಂಬಂಧ ನೋಡುವಾಗಲೂ ಇಷ್ಟೊಂದು ಚರ್ಚೆ ಆಗುವುದಿಲ್ಲ.

ಕಾನೂನು ಮಾತ್ರ ಈ ವಿಷಯದಲ್ಲಿ ಬಲು ಮಿತಭಾಷಿ. ಯಾವ ಬಗೆಯ ವಾಹನಕ್ಕೆ ಅರ್ಜಿ ಹಾಕಿದ್ದೀರೋ ಆ ಬಗೆಯ ವಾಹನದಲ್ಲೇ ಪರೀಕ್ಷೆ. 1988ರ ಮೋಟಾರು ವಾಹನ ಕಾಯ್ದೆಯ 9ನೆಯ ಸೆಕ್ಷನ್ ಹೇಳುವುದು ಇಷ್ಟೇ. ಬೈಕುಗಳ ಮಟ್ಟಿಗೆ ಆ ಬಗೆ ಎಂದರೆ ಗೇರ್ ಇದ್ದದ್ದು, ಗೇರ್ ಇಲ್ಲದ್ದು. ಕಂಪೆನಿಯ ಗೊಡವೆಯಿಲ್ಲ, ಗತ್ತಿನ ಗೊಡವೆಯಂತೂ ಇಲ್ಲವೇ ಇಲ್ಲ. ಜೊತೆಗೆ ಕಾಯ್ದೆ ಒಂದು ಉಪಕಾರವನ್ನೂ ಮಾಡಿದೆ: ಗೇರಿನ ಗಾಡಿಯಲ್ಲಿ ಪಾಸಾದವರು ಗೇರಿಲ್ಲದ್ದರಲ್ಲೂ ಪಾಸಾದ ಲೆಕ್ಕ. ಇದು ಒಮ್ಮುಖ ರಸ್ತೆ. ಸ್ಕೂಟಿಯಲ್ಲಿ ಪಾಸಾದವರು ಬೈಕು ಹತ್ತಬೇಕಾದರೆ ಪುನಃ ಎಲ್ಲೆಲ್ಲಾರ್ ಮಾಡಿಸಿ, ಮೂವತ್ತು ದಿನ ಕಾದು, ಪುನಃ ಟೆಸ್ಟ್ ಕೊಟ್ಟು ಕಾರ್ಡಿಗೆ ಸೇರಿಸಬೇಕು.

ಬೆಂಚಿನ ಉಪದೇಶವೆಲ್ಲ ಹುಟ್ಟುವುದು ಇಲ್ಲಿಂದ. 'ಗೇರಿನದ್ದರಲ್ಲೇ ಕೊಡು, ಒಂದೇ ಖರ್ಚಿನಲ್ಲಿ ಎರಡೂ ಆಗ್ತದೆ.' ಕರಾವಳಿಯವರಿಗೆ ಇದಕ್ಕಿಂತ ಬಲವಾದ ತರ್ಕ ಬೇಕೇ? ಹಾಗಾಗಿ ಜನ್ಮದಲ್ಲಿ ಆಕ್ಟಿವಾ ಬಿಟ್ಟು ಬೇರೆ ಓಡಿಸುವ ಆಲೋಚನೆಯೇ ಇಲ್ಲದ ಹುಡುಗಿಯೂ ಮಾಮನ ಸ್ಪ್ಲೆಂಡರ್ ಎರವಲು ಪಡೆದು, ಮಳೆಗಾಲ ಮುಗಿದು ಒಣಗಿದ ಗದ್ದೆಯಲ್ಲಿ ಕ್ಲಚ್ ಬಿಡುವುದನ್ನು ಕಲಿಯುತ್ತಾಳೆ. ಗಾಡಿ ಸ್ವಂತದ್ದೇ ಆಗಬೇಕೆಂದಿಲ್ಲ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ ಸರಿಯಿದ್ದು, ಕನ್ನಡಿ, ಹಾರ್ನ್, ಇಂಡಿಕೇಟರ್ ಸ್ವಸ್ಥಾನದಲ್ಲಿದ್ದರೆ ಆಯಿತು. ಇಲ್ಲಿ ಮಾಮಂದಿರ ಬಣ್ಣ ಬಯಲಾಗುವುದೂ ಉಂಟು. ಸೊಸೆಯ ಟೆಸ್ಟಿನ ಹಿಂದಿನ ರಾತ್ರಿ ಸೀಟಿನಡಿಯ ಪ್ಲಾಸ್ಟಿಕ್ ಕವರು ಬಿಚ್ಚಿದಾಗ, ಹೊಗೆ ಚೀಟಿಯ ವಾಯಿದೆ ಹೋದ ಚೌತಿಗೇ ಮುಗಿದಿರುತ್ತದೆ.

ಕಾರಿನವರಿಗೆ ಈ ತಲೆಬಿಸಿ ಇಲ್ಲ. ನಮ್ಮಲ್ಲಿ ಆಟೋಮ್ಯಾಟಿಕ್ ಕಾರು, ಗೇರಿನ ಕಾರು ಎಂದು ಲೈಸನ್ಸಿನಲ್ಲಿ ಭೇದವಿಲ್ಲ. ದುಬಾಯಿಯಲ್ಲಿರುವ ನಮ್ಮೂರಿನವರನ್ನು ಕೇಳಿದರೆ ನಗುತ್ತಾರೆ. ಅಲ್ಲಿ ಆಟೋಮ್ಯಾಟಿಕ್‌ನಲ್ಲಿ ಪಾಸಾದವರಿಗೆ ಆಟೋಮ್ಯಾಟಿಕ್ ಮಾತ್ರ. ಇಂಗ್ಲೆಂಡಿನವರದು ಇನ್ನೂ ಒಂದು ಕೈ ಮೇಲೆ. ಅಲ್ಲಿ ಬೈಕಿನ ಲೈಸನ್ಸಿಗೇ ಮೆಟ್ಟಿಲುಗಳು. ಕೆಳಗಿನ ಮೆಟ್ಟಿಲಿನ ಟೆಸ್ಟಿಗೆ ಬೈಕು 120ರಿಂದ 125 ಸಿಸಿಯ ಒಳಗೇ ಇರಬೇಕು. ನಮ್ಮಲ್ಲಿ 100 ಸಿಸಿಯ ಬೈಕಿನಲ್ಲಿ ಪಾಸಾಗಿ, ಸಾಯಂಕಾಲ 650 ಸಿಸಿಯದ್ದನ್ನು ಹತ್ತಿ ಹೊರಟರೂ ಕೇಳುವವರಿಲ್ಲ.

ಸಿಸಿಯ ಮಾತು ನಮ್ಮ ಕಾಯ್ದೆಯಲ್ಲೂ ಒಂದು ಕಡೆ ಇದೆಯೆನ್ನಿ. ಹದಿನಾರು ತುಂಬಿದವರು 50 ಸಿಸಿ ಮೀರದ ಗಾಡಿ ಓಡಿಸಬಹುದು. ಲೂನಾ, ಟಿವಿಎಸ್ 50 ಇದ್ದ ಕಾಲಕ್ಕೆ ಬರೆದ ಮಾತು ಅದು. ಈಗ ಆ ಟಿವಿಎಸ್ಸೇ ಬೆಳೆದು ಎಕ್ಸ್‌ಎಲ್ 100 ಆಗಿದೆ. ಕಾಯ್ದೆ ಹುಡುಗರಿಗೆ ಅನುಮತಿ ಕೊಟ್ಟಿದೆ, ಶೋರೂಮು ಗಾಡಿ ಕೊಡುತ್ತಿಲ್ಲ.

ಇಷ್ಟು ಹೇಳಿ ಎಂ80ಯ ಹೆಸರೆತ್ತದಿದ್ದರೆ ಮಲ್ಪೆಯ ಮೀನಿಗೆ ದ್ರೋಹ ಬಗೆದ ಹಾಗೆ. ಬಜಾಜ್‌ನ ಆ ಪುಟ್ಟ ಗಾಡಿ ನಮ್ಮಲ್ಲಿ 'ಎಮ್ಮೇಟಿ'. ಹಿಂದೆ ಮೀನಿನ ಪೆಟ್ಟಿಗೆ, ಪೆಟ್ಟಿಗೆಯ ಮೂಲೆಯಿಂದ ತೊಟ್ಟಿಕ್ಕುವ ಐಸಿನ ನೀರು, ಅದರ ಹಿಂದೆ ಓಡುವ ಎರಡು ಬೆಕ್ಕು. ಹಾರ್ನ್ ಕೇಳಿದೊಡನೆ ಮನೆಯೊಳಗಿನಿಂದ ಪಾತ್ರೆ ಹಿಡಿದು ಹೊರಗೆ ಬರುವ ಅಮ್ಮಂದಿರು. ಕಂಪೆನಿ ತಯಾರಿ ನಿಲ್ಲಿಸಿ ಕಾಲವಾಯಿತು, ಎಮ್ಮೇಟಿ ನಿಂತಿಲ್ಲ. ಅದರ ಗೇರ್ ಇರುವುದು ಎಡಗೈಯಲ್ಲಿ. ಕ್ಲಚ್ ಹಿಡಿದು, ಹಿಡಿಯನ್ನೇ ಮುರಿದ ಹಾಗೆ ತಿರುಗಿಸಿದರೆ 'ಟಕ್' ಎಂದು ಒಂದನೆಯದು. ಹಳೇ ಚೇತಕ್ ಓಡಿಸಿದವರಿಗೆ ಇದು ಗೊತ್ತು. ಕಾಲಿಗೆ ಗೇರಿನ ಕೆಲಸವಿಲ್ಲ. ಗಾಡಿ ಗಿಡ್ಡ, ಹಗುರ, ತಿರುವಿಗೆ ಚುರುಕು. ನೆಲಕ್ಕೆ ಕಾಲು ಊರದೆ ಎಂಟು ಹಾಕಬೇಕಾದ ಟೆಸ್ಟಿಗೆ ಹೇಳಿ ಮಾಡಿಸಿದ ಹಾಗೆ. ಮೇಲಾಗಿ ಕಾಗದದಲ್ಲಿ ಅದು 'ಗೇರಿನ ಗಾಡಿ'ಯೇ!

ಈ ಗುಟ್ಟನ್ನು ಪೂರಾ ಅರೆದು ಕುಡಿದವರು ಕೇರಳದ ಡ್ರೈವಿಂಗ್ ಸ್ಕೂಲಿನವರು. ಎಂಟು ಹಾಕಿಸುವುದಕ್ಕೆಂದೇ ಎಮ್ಮೇಟಿ ಸಾಕಿದರು. ಉದ್ಯಾವರದ ಮಾತಿಗೂ ಕೇರಳಕ್ಕೂ ಏನು ಸಂಬಂಧ ಎನ್ನಬೇಡಿ. ಉದ್ಯಾವರ ಎರಡು ಉಂಟು. ಒಂದು ನಮ್ಮದು, ಆಳುಪ ಅರಸರ ಹಳೇ ರಾಜಧಾನಿ. ಈ ಊರಿನೊಳಗೆ ಹೊಗುವುದಕ್ಕೆಂದು ಕಾದಾಡಿ ಸತ್ತ ವೀರರ ಹೆಸರನ್ನು 8ನೆಯ ಶತಮಾನದ ಶಾಸನಗಳು ಹೇಳುತ್ತವೆ. ಈಗ ಒಳಗೆ ಬರುವುದು ಸುಲಭ, ಹೆದ್ದಾರಿ ದಾಟುವುದಕ್ಕೆ ಮಾತ್ರ ಅದೇ ಶೌರ್ಯ ಬೇಕು. ಇನ್ನೊಂದು ಮಂಜೇಶ್ವರದ ಉದ್ಯಾವರ, ಮಾಡದ ಅರಸು ಮಂಜಿಷ್ಣಾರ್ ದೈವಗಳ ಊರು. ಎರಡನ್ನೂ ಹೊಲಿದಿರುವುದು ಅದೇ 66ನೆಯ ನಂಬ್ರದ ಹೆದ್ದಾರಿ. ಅಲ್ಲಿ ಕನ್ನಡ, ತುಳು ಎಲ್ಲ ನಮ್ಮ ಹಾಗೆಯೇ; ನಂಬರ್ ಪ್ಲೇಟು ಮಾತ್ರ ಕೆಎಲ್ 14, ನಮ್ಮದು ಕೆಎ 20.

2024ರಲ್ಲಿ ಕೇರಳದ ಸಾರಿಗೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು: ಗೇರಿನ ಬೈಕಿನ ಟೆಸ್ಟಿಗೆ ಕಾಲಿನಲ್ಲಿ ಗೇರ್ ಹಾಕುವ, 95 ಸಿಸಿಗೆ ಕಡಿಮೆಯಿಲ್ಲದ ಗಾಡಿಯೇ ಬೇಕು. ಎಮ್ಮೇಟಿ ಒಂದೇ ಏಟಿಗೆ ಔಟ್. ಡ್ರೈವಿಂಗ್ ಸ್ಕೂಲಿನವರು ಮುಷ್ಕರ ಹೂಡಿದರು, ಕೋರ್ಟಿಗೂ ಹೋದರು. 2025ರ ಜುಲೈಯಲ್ಲಿ ಕೇರಳ ಹೈಕೋರ್ಟು, ಟೆಸ್ಟಿನ ಕ್ರಮ ಬದಲಾಯಿಸಿದ ಆ ಸುತ್ತೋಲೆಯನ್ನು ರದ್ದು ಮಾಡಿತು. ಅಂದರೆ ಒಂದು ವರ್ಷದ ಮಟ್ಟಿಗಾದರೂ, ಒಂದು ಉದ್ಯಾವರದಲ್ಲಿ ಟೆಸ್ಟಿಗೆ ನಡೆಯುವ ಗಾಡಿ ಇನ್ನೊಂದು ಉದ್ಯಾವರದಲ್ಲಿ ಮೀನು ಮಾರುವುದಕ್ಕಷ್ಟೇ ಲಾಯಕ್ಕಾಗಿತ್ತು.

ಸುತ್ತೋಲೆ ಬಿದ್ದುಹೋದರೂ ಅದರ ಹಿಂದಿದ್ದ ಪ್ರಶ್ನೆ ಬಿದ್ದುಹೋಗಿಲ್ಲ ಎನ್ನುವುದು ನನ್ನ ವಾದ. ಕೈಯಲ್ಲಿ ಗೇರ್ ಹಾಕಿ ಪಾಸಾದವನು ಮರುದಿನ ಕಾಲಿನಲ್ಲಿ ಗೇರ್ ಹಾಕುವ ಬೈಕು ಹತ್ತುತ್ತಾನೆ. ಕಾಗದದಲ್ಲಿ ಎರಡೂ ಒಂದೇ ಬಗೆ, ಕಾಲಿಗೆ ಒಂದೇ ಅಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ಬಿಡಿಸಿ ನೋಡಿದರೆ ತಮಾಷೆ ಇನ್ನೂ ಉಂಟು. ಟೆಸ್ಟಿನಲ್ಲಿ ಏನೇನು ಮಾಡಿ ತೋರಿಸಬೇಕು ಎನ್ನುವುದಕ್ಕೆ 15ನೆಯ ನಿಯಮದಲ್ಲಿ ಉದ್ದ ಪಟ್ಟಿ: ಕನ್ನಡಿ ಸರಿಮಾಡಿಕೊಳ್ಳಬೇಕು; ಹೊರಟ ಮೇಲೆ ಟಾಪ್ ಗೇರಿನ ತನಕ ಎಲ್ಲ ಗೇರುಗಳನ್ನೂ ಹಾಕಬೇಕು; ಸಂದರ್ಭ ಬಂದಾಗ ಬೇಗ ಇಳಿಸಬೇಕು; ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬರಬೇಕು; ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಪುನಃ ಹೊರಡಬೇಕು. ಎಂಟು ಹಾಕುವ ಅಂಗಳದಲ್ಲಿ ಇದರಲ್ಲಿ ಎಷ್ಟು ಆಗುತ್ತದೆ? ಒಂದನೇ ಗೇರಿನಲ್ಲಿ ಹೊರಟವರು ಒಂದನೇ ಗೇರಿನಲ್ಲೇ ಸುತ್ತಿ, ಒಂದನೇ ಗೇರಿನಲ್ಲೇ ಪಾಸಾಗುತ್ತಾರೆ. ಸುಮಾರು 195 ಕಿಲೊ ತೂಗುವ ಬುಲೆಟ್ಟಿನವರು ಆ ಸಣ್ಣ ಸುತ್ತಿನಲ್ಲಿ ಬೆವರುವುದಕ್ಕೂ, 110 ಕಿಲೊ ಆಸುಪಾಸಿನ ಸ್ಪ್ಲೆಂಡರಿನವರು ಸಲೀಸಾಗಿ ಬರುವುದಕ್ಕೂ ಕಾರಣ ಇದೇ. ಅಂಗಳ ಕೇಳುವುದು ಬ್ಯಾಲೆನ್ಸು; ಗತ್ತಲ್ಲ, ಗೇರೂ ಅಲ್ಲ.

ಹಾಗಾದರೆ 15ನೆಯ ನಿಯಮದ ಪರೀಕ್ಷೆ ನಡೆಯುವುದೆಲ್ಲಿ? ಆರ್‌ಟಿಒ ಆಫೀಸಿನ ದಾರಿಯಲ್ಲಿ! ಎದುರು ಎಲ್ ಬೋರ್ಡು, ಹಿಂದೆ ಲೈಸನ್ಸಿದ್ದ ಮಾಮ. ಉದ್ಯಾವರದಿಂದ ಮಣಿಪಾಲಕ್ಕೆ ಹೊರಟರೆ ಹೆದ್ದಾರಿಯಲ್ಲಿ ಬಲಾಯಿಪಾದೆಯ ಹತ್ತಿರ ಟಾಪ್ ಗೇರ್ ಬಿತ್ತು. ಕಿನ್ನಿಮೂಲ್ಕಿಯಲ್ಲಿ ಒಳಗೆ ತಿರುಗುವಾಗ ಇಳಿಸಿದ್ದಾಯಿತು. ಕಲ್ಸಂಕದ ಗುಂಪಿನಲ್ಲಿ ಕೃಷ್ಣಮಠಕ್ಕೆ ಬಂದ ಬಸ್ಸುಗಳ ನಡುವೆ ಅರ್ಧ ಕ್ಲಚ್ಚಿನ ಪರೀಕ್ಷೆ. ಇಂದ್ರಾಳಿ ದಾಟಿ ಮಣಿಪಾಲದ ಏರಿನಲ್ಲಿ ಎದುರಿನ ಬಸ್ಸು ನಿಂತರೆ, ಹಿಂದಕ್ಕೆ ಜಾರದೆ ಹೊರಡುವ ಪರೀಕ್ಷೆ. 'ಬ್ರೇಕು, ಬ್ರೇಕು' ಎಂದು ಮಾಮ ಕಿವಿಯಲ್ಲಿ ಕೂಗುತ್ತಿದ್ದರೂ ತಲೆ ಕೆಡಿಸಿಕೊಳ್ಳದಿರುವುದು ಪಟ್ಟಿಯಲ್ಲಿಲ್ಲದ ಹೆಚ್ಚುವರಿ ವಿಷಯ. ಇಷ್ಟೆಲ್ಲ ಮುಗಿಸಿ ಬಂದವರಿಗೆ ಎಂಟು ಯಾವ ಲೆಕ್ಕ?

ಆದ್ದರಿಂದ ಯೋಗ್ಯ ಗಾಡಿ ಎಂದರೆ ಎಂಟಕ್ಕೆ ಸುಲಭವಾದದ್ದಲ್ಲ. ಆ ಏರಿನಲ್ಲಿ ನಿಂತು ಹೊರಡಲು ನಿಮಗೆ ಬರುವಂಥದ್ದು, ಮರುದಿನದಿಂದ ನೀವು ನಿಜವಾಗಿ ಓಡಿಸುವಂಥದ್ದು. ಸ್ಕೂಟಿಯೇ ಸಾಕೆನ್ನುವವರು ಸ್ಕೂಟಿಯಲ್ಲೇ ಕೊಡಲಿ, ಅದರಲ್ಲಿ ಮರ್ಯಾದೆ ಹೋಗುವುದೇನಿಲ್ಲ. ಒಂದೇ ಖರ್ಚಿನಲ್ಲಿ ಎರಡು ಎಂಬ ಆಸೆಗೆ ಗೇರಿನದ್ದರಲ್ಲಿ ಕೊಡುವವರೂ ಕೊಡಲಿ. ಆದರೆ ಗದ್ದೆಯಲ್ಲಿ ಕಲಿತ ಕ್ಲಚ್ಚನ್ನು ನಾಲ್ಕಾರು ವರ್ಷ ಮರೆತು, ಯಾವತ್ತೋ ಒಂದು ದಿನ ಯಾರದೋ ಬೈಕು ಕೈಗೆ ಸಿಕ್ಕಿದಾಗ 'ನನ್ನಲ್ಲಿ ಗೇರಿನ ಲೈಸನ್ಸ್ ಉಂಟು' ಎಂದು ನೇರ ಹೆದ್ದಾರಿಗೆ ಇಳಿಸಬೇಡಿ. ಮೊದಲು ಅಂಗಳದಲ್ಲಿ ನಾಲ್ಕು ಸುತ್ತು ಹೊಡೆಯಿರಿ. ಕ್ಲಚ್ಚಿಗೆ ಕಾರ್ಡು ಓದಲಿಕ್ಕೆ ಬರುವುದಿಲ್ಲ.