ರಜೆಯಿಲ್ಲದ ದುಡಿಮೆ

ಹೊರಗೆ ದುಡಿಯುವ ತಾಯಂದಿರಾದ ನಮ್ಮನ್ನು ಕಂಡು ಮರುಗುವವರು ಬಹಳ. ಬೆಳಿಗ್ಗೆ ಬಸ್ಸು ಹಿಡಿಯಬೇಕು, ಸಂಜೆ ಬಂದು ಒಲೆಯ ಮುಂದೆ ನಿಲ್ಲಬೇಕು. ಆ ಮರುಕ ಸುಳ್ಳಲ್ಲ. ಆದರೆ ಮನೆಯಲ್ಲೇ ಉಳಿದ ಸಹೋದರಿಯ ಕುರಿತು ಕೇಳಿಬರುವ ಮಾತು ಬೇರೆ: "ಅವಳಿಗೇನು, ಮನೆಯಲ್ಲೇ ಇರುತ್ತಾಳಲ್ಲ!" ಎರಡೂ ಬದುಕನ್ನು ಕಂಡುಂಡ ನಾವು ಈ ಮಾತನ್ನು ಒಪ್ಪಲಾರೆವು.

2017ರ ಕಾಯ್ದೆ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ಹೆರಿಗೆ ರಜೆಯು 12 ವಾರಗಳಿಂದ 26 ವಾರಗಳಿಗೆ ಏರಿತು. ಆ ವಾರಗಳಲ್ಲಿ ಮನೆಯಲ್ಲಿದ್ದ ನಮಗೆ ಅದು ಹೆಸರಿಗಷ್ಟೇ ರಜೆ. ಕಚೇರಿಯಲ್ಲಿ ಒಂದು ಕಡತ ಮುಗಿದರೆ ಮುಗಿಯಿತು. ಊಟಕ್ಕೆ ಬಿಡುವುಂಟು, ಸಂಜೆಗೆ ಬಾಗಿಲು ಮುಚ್ಚುತ್ತದೆ. ಮನೆಯಲ್ಲಾದರೋ ತೊಳೆದಿಟ್ಟ ಪಾತ್ರೆ ಗಂಟೆಯೊಳಗೆ ಮತ್ತೆ ತೊಳೆಯಲು ಬಂದಿರುತ್ತದೆ. ಮಗು ಮಲಗಿತೆಂದು ಝುಹ್ರ್ ನಮಾಝ್‌ಗೆ ನಿಂತರೆ ಎರಡನೆಯ ರಕ್‌ಅತ್‌ನಲ್ಲೇ ಅಳು ಕೇಳಿಸುತ್ತದೆ. ಮಗುವಿನ ಅಳು ಕಿವಿಗೆ ಬಿದ್ದಾಗ, ಹಿಂದೆ ನಿಂತ ತಾಯಿಗೆ ಸಂಕಟವಾದೀತೆಂದು ಪ್ರವಾದಿವರ್ಯರು(ಸ) ನಮಾಝನ್ನು ಸಂಕ್ಷಿಪ್ತಗೊಳಿಸುತ್ತಿದ್ದರೆಂದು ಬುಖಾರಿಯಲ್ಲಿ ವರದಿಯಾಗಿದೆ. ಆ ಹದೀಸ್‌ನ ಕಾರುಣ್ಯ ನಮ್ಮ ಎದೆಗಿಳಿದದ್ದು ಆ ದಿನಗಳಲ್ಲಿ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನವೊಂದಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು; ಅದರಲ್ಲಿ ತೊಡಗುವ ಪುರುಷರು 97 ನಿಮಿಷ. ಆದರೆ ನಿಮಿಷಗಳ ಲೆಕ್ಕಕ್ಕೆ ಸಿಗದ ಹೊರೆಯೂ ಇದೆ. ಅತ್ತೆಯವರ ಸಕ್ಕರೆ ಕಾಯಿಲೆಯ ಮಾತ್ರೆ ಯಾವಾಗ ಮುಗಿಯುತ್ತದೆ, ಗ್ಯಾಸ್ ಎಷ್ಟು ದಿನ ಬಂದೀತು, ಮಗನ ಮದ್ರಸಾ ಪಾಠ ಎಲ್ಲಿಗೆ ಬಂತು ಎಂಬುದೆಲ್ಲ ಒಬ್ಬಳದೇ ತಲೆಯಲ್ಲಿರುತ್ತದೆ. ಇಷ್ಟಾದರೂ ನೂರು ರೂಪಾಯಿ ಬೇಕಾದರೆ ಅವಳು ಕೈ ಚಾಚಬೇಕು, ಕಾರಣ ಹೇಳಬೇಕು. ತಿಂಗಳ ಕೊನೆಗೆ ನಮ್ಮ ಖಾತೆಗೆ ಸಂಬಳ ಬೀಳುತ್ತದೆ. ಅವಳಿಗೆ ಬೀಳುವುದು ಹೆಚ್ಚಾಗಿ ಸಾರಿನ ಉಪ್ಪಿನ ಕುರಿತ ಟೀಕೆ ಮಾತ್ರ.

ಇನ್ನೊಂದು ಸತ್ಯವನ್ನೂ ಹೇಳಬೇಕು. ಮಗುವನ್ನು ನಾವು ಬಿಟ್ಟು ಹೊರಡುವುದು ಯಾರ ಮಡಿಲಲ್ಲಿ? ತಾಯಿಯ, ಅತ್ತೆಯ, ನಾದಿನಿಯ ಮಡಿಲಲ್ಲಿ. ಅವರು ಮನೆಯಲ್ಲಿ ನಿಂತದ್ದರಿಂದಲೇ ನಾವು ಹೊಸ್ತಿಲು ದಾಟಿದೆವು. ಆದುದರಿಂದ ದುಡಿಯುವವಳು, ಮನೆಯಲ್ಲಿರುವವಳು ಎಂದು ನಮ್ಮನ್ನು ಎರಡು ಪಂಗಡ ಮಾಡಿ ತೂಗುವುದು ನ್ಯಾಯವಲ್ಲ. ಖದೀಜಾ(ರ) ವ್ಯಾಪಾರವನ್ನೂ ನಡೆಸಿದರು, ಮಕ್ಕಳನ್ನೂ ಬೆಳೆಸಿದರು.

ಮನೆಯ ಭಾರವನ್ನು ಇಸ್ಲಾಮ್ ಹೆಣ್ಣೊಬ್ಬಳ ಹೆಗಲಿಗೆ ಹೊರಿಸಿ ಕೈ ತೊಳೆದುಕೊಂಡಿಲ್ಲ. ಹಾಲುಣಿಸುವ ತಾಯಿಯ ಅನ್ನ, ವಸ್ತ್ರಗಳ ಹೊಣೆ ತಂದೆಯದೆಂದು ಪವಿತ್ರ ಕುರ್‌ಆನ್ (2:233) ವಿಧಿಸುತ್ತದೆ. ಮೊಲೆ ಬಿಡಿಸುವಂತಹ ವಿಷಯದಲ್ಲೂ ತಂದೆ ತಾಯಿ ಪರಸ್ಪರ ಒಪ್ಪಿ, ಸಮಾಲೋಚಿಸಬೇಕೆಂದು ಅದೇ ಸೂಕ್ತ ಕಲಿಸುತ್ತದೆ. ಹಾಗಿರುವಾಗ ಇಡೀ ಮನೆಯನ್ನು ಯಾರು, ಹೇಗೆ ನಡೆಸಬೇಕೆಂಬುದಕ್ಕೆ ಸಮಾಲೋಚನೆ ಬೇಡವೇ? ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಆಯಿಶಾ(ರ) ನೀಡಿದ ಉತ್ತರ, ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ಸಮಯವಾದಾಗ ಹೊರಡುತ್ತಿದ್ದರು ಎಂಬುದು.

ಮನೆಯಲ್ಲಿರುವ ತಾಯಿಗೆ ಹೊಗಳಿಕೆಯ ಮಾತು ಸಾಲದು. ಕೇಳುವ ಮೊದಲೇ ಕೈಗೆ ಬರುವ, ಲೆಕ್ಕ ಕೇಳದ ಒಂದಿಷ್ಟು ಹಣ ಬೇಕು. ವಾರಕ್ಕೊಂದು ಮಧ್ಯಾಹ್ನವಾದರೂ ಅವಳದೇ ಆಗಿರಬೇಕು. ಅವಳ ಜ್ವರಕ್ಕೂ ಮನೆಯಲ್ಲಿ ರಜೆ ಮಂಜೂರಾಗಬೇಕು. ರಮಝಾನ್‌ನಲ್ಲಿ ಸಹರಿಗೆ ಎಲ್ಲರಿಗಿಂತ ಮೊದಲು ಏಳುವವಳು ಇಫ್ತಾರ್‌ಗೆ ಎಲ್ಲರಿಗಿಂತ ಕೊನೆಗೆ ಕೂರುವಂತಾಗಬಾರದು. ಖರ್ಜೂರದ ತಟ್ಟೆ ಹಿಡಿದು ಅವಳನ್ನು ಕರೆಯಲು ಮನೆಯ ಗಂಡುಮಕ್ಕಳೂ ಕಲಿಯಲಿ.

ಮನೆಯೊಳಗಿನ ಕಾಣದ ಬೆವರನ್ನು ಅಲ್ಲಾಹನು ಕಾಣುತ್ತಾನೆ. ಅದನ್ನು ಕಾಣುವ ಕಣ್ಣನ್ನು ಅವನು ನಮ್ಮ ಕುಟುಂಬಗಳಿಗೂ ಕರುಣಿಸಲಿ, ಆಮೀನ್.