ಬಾಗಿಲು ಹಾಕಿ ಕೇಳಿದರು

ನನಗೀಗ 69 ವರ್ಷ. ಮೂತ್ರ ತಡೆಯಲಾಗದ ಕಷ್ಟವನ್ನು ಮನೆಯವರಿಗೂ ಗೊತ್ತಾಗದಂತೆ ವರ್ಷಗಟ್ಟಲೆ ಅನುಭವಿಸಿದ್ದೇನೆ. ಮೊದಮೊದಲು ಕೆಮ್ಮಿದರೆ, ಸೀನಿದರೆ, ಕೊಡಪಾನ ಎತ್ತಿದರೆ ನಾಲ್ಕು ಹನಿ ಹೋಗುತ್ತಿತ್ತು. ಮೂರು ಹೆತ್ತವಳು, ವಯಸ್ಸೂ ಆಯಿತು, ಇದೆಲ್ಲ ಇದ್ದದ್ದೇ ಅಂದುಕೊಂಡೆ. ಆಮೇಲೆ ಅವಸರ ಶುರುವಾಯಿತು. ಹೋಗಬೇಕು ಅನ್ನಿಸಿ ಹಿತ್ತಲ ಕಕ್ಕಸಿನ ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಸೀರೆ ಒದ್ದೆ. ನಲ್ಲಿ ನೀರಿನ ಸದ್ದು ಕೇಳಿದರೂ ಸಾಕಾಗುತ್ತಿತ್ತು.

ಹಳೆಯ ಕಾಟನ್ ಸೀರೆ ಹರಿದು, ಮಡಿಸಿ, ಪಿನ್ನು ಹಾಕಿ ಕಟ್ಟಿಕೊಳ್ಳುತ್ತಿದ್ದೆ. ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಮತ್ತೆ ಬಟ್ಟೆ. ಒಗೆದು ಬಿಸಿಲಿಗೆ ಹಾಕಿದರೆ ಸೊಸೆ ನೋಡುತ್ತಾಳೆಂದು ಕೊಟ್ಟಿಗೆಯಲ್ಲಿ, ಗೋಣಿಚೀಲದ ಮರೆಯಲ್ಲಿ ಒಣಗಹಾಕುತ್ತಿದ್ದೆ. ಮಳೆಗಾಲದಲ್ಲಿ ಅವು ಒಣಗುತ್ತಲೇ ಇರಲಿಲ್ಲ. ಹಸಿ ಬಟ್ಟೆಯನ್ನೇ ಕಟ್ಟಿಕೊಂಡು ತೊಡೆಸಂದಿ ಉರಿದು ಹುಣ್ಣಾಗುತ್ತಿತ್ತು. ವಾಸನೆ ಬಂದೀತೆಂಬ ಭಯ ಬೇರೆ. ಮೊಮ್ಮಗ ತೊಡೆಯ ಮೇಲೆ ಕೂರಲು ಬಂದರೆ "ಮಂಡಿ ನೋವು ಮರಿ" ಅಂತ ದೂರ ಕಳಿಸುತ್ತಿದ್ದೆ. ಇವತ್ತಿಗೂ ಎಲ್ಲಕ್ಕಿಂತ ಹೆಚ್ಚು ನೋಯುವುದು ಅದೇ.

ಮದುವೆ ಮುಂಜಿ ಬಿಟ್ಟೆ. ದೇವಸ್ಥಾನ ಬಿಟ್ಟೆ, ಮೈಲಿಗೆ ಬಟ್ಟೆಯಲ್ಲಿ ಒಳಗೆ ಹೇಗೆ ಕಾಲಿಡಲಿ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಓರಗೆಯವರೆಲ್ಲ ಧರ್ಮಸ್ಥಳ, ಕೊಲ್ಲೂರು ಎಂದು ಹೊರಟರು, ನನ್ನನ್ನೂ ಕರೆದರು. ಬಸ್ಸು ನಡುವೆ ಎಲ್ಲಿ ನಿಲ್ಲುತ್ತದೋ, ನಿಂತಲ್ಲಿ ಹೆಂಗಸರಿಗೆ ಜಾಗ ಇರುತ್ತದೋ ಇಲ್ಲವೋ ಎಂದು ನಾನು ಹೊರಡಲಿಲ್ಲ. ಎಲ್ಲಿಗಾದರೂ ಹೋಗಲೇಬೇಕಾದ ದಿನ ಬೆಳಗಿನಿಂದ ನೀರೇ ಮುಟ್ಟುತ್ತಿರಲಿಲ್ಲ.

ಹಾಗಂತ ಆಸ್ಪತ್ರೆ ಮೆಟ್ಟಿಲು ಹತ್ತದವಳಲ್ಲ ನಾನು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗೆ ಪ್ರತಿ ತಿಂಗಳೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿದ್ದೆ. ಡಾಕ್ಟರ ಮೇಜಿನ ಸುತ್ತ ಜನ, ಬಾಗಿಲು ಸದಾ ತೆರೆದೇ. ಪಕ್ಕದ ಮನೆಯ ಗಂಡಸು ಬೆನ್ನ ಹಿಂದೆ ಚೀಟಿ ಹಿಡಿದು ನಿಂತಿರುವಾಗ ಈ ಮಾತು ಬಾಯಿಗೆ ಬರುತ್ತದೆಯೇ? "ಬೇರೆ ಏನಾದರೂ ತೊಂದರೆ ಇದೆಯಾ ಅಮ್ಮ?" ಅನ್ನುತ್ತಿದ್ದರು. "ಏನಿಲ್ಲ" ಅಂದು ಎದ್ದು ಬರುತ್ತಿದ್ದೆ. ಅಲ್ಲಿನ ಕಕ್ಕಸಿಗೂ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಎಂದು ವಿಚಾರಿಸುವಷ್ಟರಲ್ಲಿ ಬಟ್ಟೆ ನೆನೆದಿರುತ್ತಿತ್ತು.

ಒಂದು ರಾತ್ರಿ ಅವಸರದಲ್ಲಿ ಎದ್ದು ಬಚ್ಚಲ ಹೊಸ್ತಿಲಲ್ಲಿ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಸೊಂಟವೆಲ್ಲ ಕಪ್ಪುಗಟ್ಟಿತು. ತೋರಿಸಲು ಹೋದಾಗ, ಹೊಸದಾಗಿ ಬಂದಿದ್ದ ಡಾಕ್ಟರ್ ಮೇಡಂ "ಅಷ್ಟು ಹೊತ್ತಲ್ಲಿ ಯಾಕೆ ಎದ್ರಿ?" ಅಂದರು. ನಾನು ತಲೆ ತಗ್ಗಿಸಿದೆ. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಸಿಸ್ಟರನ್ನು ಮಾತ್ರ ಉಳಿಸಿಕೊಂಡು ಕೇಳಿದರು: "ಅಮ್ಮ, ಒಂದಕ್ಕೆ ತಡ್ಕೊಳಕ್ಕೆ ಆಗಲ್ವಾ?" ಅತ್ತುಬಿಟ್ಟೆ.

ಸೋಂಕಿದೆಯೇ ಎಂದು ಮೂತ್ರ ಪರೀಕ್ಷೆ ಮಾಡಿಸಿದರು, ಸಕ್ಕರೆ ನೋಡಿದರು. ಬಿಪಿಗೆಂದು ಸಂಜೆ ನುಂಗುತ್ತಿದ್ದ ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು. ಅದನ್ನು ಬೆಳಿಗ್ಗೆಗೆ ಬದಲಾಯಿಸಿದರು. ಮಲಬದ್ಧತೆಗೆ ಔಷಧಿ ಕೊಟ್ಟರು. ಕಾಫಿ ಕಮ್ಮಿ ಮಾಡಿ, ನೀರು ಮಾತ್ರ ಬಿಡಬೇಡಿ, ಮೂತ್ರ ಗಟ್ಟಿಯಾದರೆ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ ಅಂದರು. ಏನು ಕುಡಿದೆ, ಯಾವಾಗ ಹೋದೆ, ಯಾವಾಗ ಸೋರಿತು ಎಂದು 3 ದಿನ ಬರೆದಿಡಲು ಹೇಳಿದರು.

ವ್ಯಾಯಾಮ ಕಲಿಸಿದ್ದು ಸಿಸ್ಟರ್. ಹೆರಿಗೆಯಿಂದ, ವಯಸ್ಸಿನಿಂದ ಸಡಿಲವಾದ ಕೆಳಹೊಟ್ಟೆಯ ತಳದ ಸ್ನಾಯುಗಳಿಗೆ ಬಲ ಬರಿಸುವ ವ್ಯಾಯಾಮ ಅದು. ಅಮೆರಿಕದ ಆರ್ನಾಲ್ಡ್ ಕೆಗೆಲ್ ಎಂಬ ಸ್ತ್ರೀರೋಗ ತಜ್ಞರು 1948ರಲ್ಲೇ ಇದರ ಬಗ್ಗೆ ಬರೆದಿದ್ದರಂತೆ. ಹೂಸು ತಡೆಯುವಾಗ ಬಿಗಿಯುವ ಜಾಗವನ್ನು ಬಿಗಿಹಿಡಿದು, ಎಣಿಸಿ, ಸಡಿಲ ಬಿಡಬೇಕು. ಉಸಿರು ಕಟ್ಟಬಾರದು. ಸಲಕ್ಕೆ 8 ಬಾರಿ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ಅವಸರವಾದಾಗ ಓಡದೆ, ನಿಂತು ಬಿಗಿಹಿಡಿದು, ಅದು ಇಳಿದ ಮೇಲೆ ನಡೆಯಬೇಕು. ಅಕ್ಕಿ ಆರಿಸುತ್ತ, ಟಿವಿ ನೋಡುತ್ತ ಮಾಡಿದೆ. ಮೊದಲಲ್ಲಿ ಏನೂ ಗೊತ್ತಾಗಲಿಲ್ಲ. ಬರಬರುತ್ತ ಚಿಲಕ ತೆಗೆಯುವಷ್ಟು ವ್ಯವಧಾನ ಸಿಕ್ಕಿತು. ಜೋರಾಗಿ ಸೀನಿದರೆ ಈಗಲೂ ಹನಿ ಹೋಗುತ್ತದೆ. ಆದರೆ ಬಟ್ಟೆ ಕಟ್ಟುವುದು ನಿಂತಿದೆ, ಕೊಲ್ಲೂರಿಗೂ ಹೋಗಿ ಬಂದೆ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡರೂ ಹೀಗೇ ಮೂತ್ರ ತಡೆಯಲಾಗದಂತೆ ಆಗುತ್ತದಂತೆ, ಅವರೂ ಬಾಯಿಬಿಡುವುದಿಲ್ಲ.

ಬಿಪಿ ನೋಡುವ ಡಾಕ್ಟರರಲ್ಲಿ, ಸಿಸ್ಟರುಗಳಲ್ಲಿ, ಮನೆಗೆ ಬರುವ ಆಶಾ ಕಾರ್ಯಕರ್ತೆಯರಲ್ಲಿ ನನ್ನ ವಿನಂತಿ ಇಷ್ಟು. 60 ದಾಟಿದವರನ್ನು ಈ ವಿಷಯ ಹೆಸರು ಹಿಡಿದೇ ಕೇಳಿ. ಬೇರೆ ತೊಂದರೆ ಏನಾದರೂ ಇದೆಯಾ ಅಂದರೆ ನಾವು ಹೇಳುವುದಿಲ್ಲ. ಕೇಳುವ ಮುಂಚೆ ಬಾಗಿಲು ಹಾಕಿ. ಆಸ್ಪತ್ರೆಯ ಕಕ್ಕಸಿನ ಬೀಗ ತೆಗೆಸಿ.